ಊರ ನಡುವಿನ ಪೇಟೆಗೆ ಯಾವ ದಾರಿ? ಕೆಡವುವ ಮುನ್ನ ಒಂದು ಹೋಲಿಕೆ

ಸಂಜೆ ಆರರ ಹೊತ್ತಿಗೆ ಮೈಸೂರಿನ ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಯೊಳಗೆ ಹೋಗಿ ಹೂವಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಸೊಂಟದೆತ್ತರದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಾರೆ. ಮುಂದೆ ಒದ್ದೆ ಗೋಣಿತಾಟು, ಅದರ ಮೇಲೆ ಸುರುಳಿ ಸುತ್ತಿದ ಮಲ್ಲಿಗೆ, ಪಕ್ಕದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬಿಂದಿಗೆ. ಐದು ನಿಮಿಷಕ್ಕೊಮ್ಮೆ ಕೈ ಅದ್ದಿ ಹೂವಿನ ಮೇಲೆ ಚಿಮುಕಿಸುತ್ತಾರೆ, ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಮೊಳ ಹಾಕುತ್ತಾರೆ, ಕತ್ತರಿ ಇಲ್ಲದೆ ಉಗುರಿನಲ್ಲೇ ನೂಲು ಕಡಿಯುತ್ತಾರೆ. ಮಾರುವವರು ಕುಳಿತಿದ್ದಾರೆ, ಕೊಳ್ಳುವವರು ನಿಂತಿದ್ದಾರೆ, ಆದರೂ ಇಬ್ಬರ ಕಣ್ಣುಗಳೂ ಒಂದೇ ಮಟ್ಟದಲ್ಲಿವೆ. ಚೌಕಾಸಿ ನಡೆಯುವುದು ಆ ಮಟ್ಟದಲ್ಲಿ.

ಹಳೆಯ ಪೇಟೆಗಳ ಪುನರಭಿವೃದ್ಧಿಗೆಂದು ಬರೆದ ನಕ್ಷೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಆ ಕಟ್ಟೆಯ ಎತ್ತರ ಒಂದರಲ್ಲೂ ಕಂಡಿಲ್ಲ. ಕಾಣುವುದು ಎಂಟಡಿ ಅಗಲದ ರೋಲಿಂಗ್ ಶಟರ್‌ಗಳ ಸಾಲು, ಗಾಜಿನ ಮುಂಭಾಗ, ಕೈಯಲ್ಲಿ ಕಾಗದದ ಚೀಲ ಹಿಡಿದು ನಗುವ ನಾಲ್ಕು ಜನ, ಮತ್ತು ಎಲ್ಲಿಂದಲೋ ತಂದು ನೆಟ್ಟ ಈಚಲಿನಂಥ ಮರ.

ಈ ಬರಹ ನಕ್ಷೆ ಬರೆಯುವವರಿಗಲ್ಲ. ನಿಮ್ಮ ಊರಿನ ಮಾರುಕಟ್ಟೆಯನ್ನು ಏನು ಮಾಡಬೇಕೆಂದು ನಗರಸಭೆ ಸಭೆ ಕರೆದಾಗ ಹಿಂದಿನ ಸಾಲಿನಲ್ಲಿ ಕೂರುವ ವರ್ತಕರಿಗೆ, ಗಿರಾಕಿಗಳಿಗೆ, ಹೊಸದಾಗಿ ಗೆದ್ದ ವಾರ್ಡ್ ಸದಸ್ಯರಿಗೆ. ಸಾಮಾನ್ಯವಾಗಿ ಮುಂದಿಡುವ ದಾರಿಗಳು ಐದಾರು. ಯಾವ ದಾರಿ ಎಲ್ಲಿ ಏನಾಯಿತು, ಯಾರಿಗೆ ಒಗ್ಗುತ್ತದೆ ಎಂದು ಹೋಲಿಸಿ ನೋಡೋಣ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಯೋಜನೆ ಮುಗಿದ ಮೇಲಿನ ಚಿತ್ರ ನೋಡಿ ಆಯ್ಕೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ವ್ಯಾಪಾರಿ ಎಲ್ಲಿ ಕೂರುತ್ತಾನೆ, ಮುಗಿದ ಮೇಲೆ ಯಾವ ಜಾಗಕ್ಕೆ, ಎಷ್ಟು ಬಾಡಿಗೆಗೆ ಹಿಂತಿರುಗುತ್ತಾನೆ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು. ಏಕೆ ಹೀಗೆನ್ನುತ್ತೇನೆ ಎಂಬುದಕ್ಕೆ ನನ್ನ ಮನೆಯದೇ ಒಂದು ಕಥೆಯಿದೆ, ಮುಂದೆ ಹೇಳುತ್ತೇನೆ.

ದುರಸ್ತಿಯೋ, ಕೆಡವಿ ಕಟ್ಟುವುದೋ

ಮೈಸೂರು ಸಿಕ್ಕಿಬಿದ್ದಿರುವುದು ಈ ಪ್ರಶ್ನೆಯಲ್ಲಿ. ಸಯ್ಯಾಜಿರಾವ್ ರಸ್ತೆಯ ಪಕ್ಕದ ದೇವರಾಜ ಮಾರುಕಟ್ಟೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈಗಿನ ರೂಪ ಪಡೆದದ್ದು. ಸುಮಾರು 800 ಮಳಿಗೆಗಳಿವೆ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡವೂ ಅದೇ ಕಾಲದ್ದು, ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಕಡೆಯ ಭಾಗ ಬಿತ್ತು. ಅಲ್ಲಿಂದ ಶುರುವಾದ ಜಗಳ ಎರಡು ಬಣವಾಯಿತು. ಹಳೆಯ ಗೋಡೆಗಳಿಗೆ ಇನ್ನೂ ಜೀವವಿದೆ, ದುರಸ್ತಿ ಮಾಡಿದರೆ ಸಾಕು ಎಂದು ಪರಂಪರೆಯ ಕಾಳಜಿಯುಳ್ಳವರು. ಇದು ಅಪಾಯ, ಕೆಡವಿ ಅದೇ ಚಹರೆಯಲ್ಲಿ ಹೊಸದು ಕಟ್ಟೋಣ ಎಂದು ಆಡಳಿತ ಮತ್ತು ಕೆಲವು ತಜ್ಞರು. ಮೊಕದ್ದಮೆ ಹೈಕೋರ್ಟಿಗೆ ಹೋಯಿತು. ಕೆಡವಿ ಕಟ್ಟುವ ನಿರ್ಧಾರವನ್ನು ಪ್ರಶ್ನಿಸಿದ ಅರ್ಜಿಗಳು 2023ರಲ್ಲಿ ವಜಾ ಆದವು. ಅದರಿಂದ ವಾದವೇನೂ ನಿಲ್ಲಲಿಲ್ಲ.

ದುರಸ್ತಿ ಎಂದರೆ ಸುಣ್ಣ ಬಳಿಯುವುದು ಎಂದುಕೊಂಡಿರುವವರು ಬಹಳ. ಆ ಕಾಲದ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಚಾವಣಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಕಟ್ಟಿದ ಮದ್ರಾಸ್ ತಾರಸಿ. ಸುಣ್ಣದ ಗೋಡೆ ಉಸಿರಾಡುತ್ತದೆ, ಹೀರಿಕೊಂಡ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಹಾಕಿದರೆ ತೇವ ಒಳಗೇ ಉಳಿದು ಗೋಡೆ ಪೊಳ್ಳಾಗುತ್ತದೆ. ಊರೂರಿನ ಹಳೆಯ ಮಾರುಕಟ್ಟೆಗಳಲ್ಲಿ ಹತ್ತಾರು ವರ್ಷ ನಡೆದ ‘ದುರಸ್ತಿ’ ಬಹುಮಟ್ಟಿಗೆ ಇದೇ. ಜೊತೆಗೆ ನಮ್ಮ ವರ್ತಕರ ಪಾಲೂ ಇದೆ, ಅದನ್ನು ಮುಚ್ಚಿಡುವುದು ಬೇಡ: ಸರಕು ಇಡಲು ಗೋಡೆ ಕೊರೆದು ಹಾಕಿದ ಅಟ್ಟ, ಅಂಗಡಿ ಎರಡಿಂಚು ಅಗಲವಾಗಲೆಂದು ಕೆತ್ತಿದ ಕಂಬ, ಚಾವಣಿಯ ಮೇಲೆ ಕೂರಿಸಿದ ನೀರಿನ ಟ್ಯಾಂಕು, ನೀರು ಹೋಗುವ ದೋಣಿಯಲ್ಲಿ ಬೇರು ಬಿಟ್ಟ ಅರಳಿಗಿಡ.

ಸರಿಯಾದ ದುರಸ್ತಿಗೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಬೇಕು. ಅವರು ಕಡಿಮೆ, ಕೆಲಸ ನಿಧಾನ, ಸರ್ಕಾರಿ ಟೆಂಡರಿನ ದರಪಟ್ಟಿಗೆ ಅವರ ಕೂಲಿ ಸುಲಭವಾಗಿ ಹೊಂದುವುದಿಲ್ಲ. ಇದು ದುರಸ್ತಿಯ ಕಷ್ಟ. ಅದರ ದೊಡ್ಡ ಲಾಭ ಕಟ್ಟಡ ಉಳಿಯುವುದಕ್ಕಿಂತ ಬೇರೆಯದು: ಒಂದು ಸಾಲು ಮುಚ್ಚಿ ಉಳಿದ ಸಾಲುಗಳನ್ನು ನಡೆಸಬಹುದು. ವ್ಯಾಪಾರ ನಿಲ್ಲುವುದಿಲ್ಲ. ಮುಂಬೈಯ ಕ್ರಾಫರ್ಡ್ ಮಾರುಕಟ್ಟೆ 1869ರದ್ದು. ಅಲ್ಲಿ ಮೂಲ ಕಟ್ಟಡವನ್ನು ಉಳಿಸಿಕೊಂಡೇ ಕೆಲಸ ಮಾಡಿದರು. ಬೆಂಗಳೂರಿನ ರಸೆಲ್ ಮಾರುಕಟ್ಟೆಗೆ 2012ರಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆ ಸುಟ್ಟಾಗ ವರ್ತಕರೇ ಮುಂದೆ ನಿಂತು ಸರಿಪಡಿಸಿಕೊಂಡು ಮತ್ತೆ ಕುಳಿತರು. ಅಲ್ಲಿನ ಸ್ವಚ್ಛತೆಯ ಬಗ್ಗೆ ನನಗೂ ತಕರಾರಿದೆ, ಆದರೆ ಮಾರುಕಟ್ಟೆ ಬದುಕಿದೆ.

ಕೆಡವಿ ಕಟ್ಟುವುದರ ಪರವಾಗಿಯೂ ಹೇಳಬೇಕಾದದ್ದಿದೆ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಬೇಕು, ವಿದ್ಯುತ್ ತಂತಿಗಳ ಗೋಜಲು ಹೋಗಬೇಕು, ಶೌಚಾಲಯ ಬೇಕು. ಬೆಳಗಿನಿಂದ ರಾತ್ರಿಯವರೆಗೆ ಕೂರುವ ಹೂವಿನ ಹೆಂಗಸರಿಗೆ ಶೌಚಾಲಯವಿಲ್ಲದ ಪರಂಪರೆಯನ್ನು ಕೊಂಡಾಡುವುದು ನನ್ನಿಂದಾಗದು. ಗೋಡೆ ನಿಜಕ್ಕೂ ಪೊಳ್ಳಾಗಿದ್ದರೆ ಭಾವುಕತೆ ಬದಿಗಿಟ್ಟು ಕೆಡವಬೇಕು. ಆದರೆ ‘ನಿಜಕ್ಕೂ’ ಎಂಬ ಮಾತಿಗೆ ಆಧಾರ ಬೇಕು. ಗೋಡೆಯಿಂದ ಮಾದರಿ ತೆಗೆದು ಪರೀಕ್ಷಿಸಿದ ವರದಿಯೋ, ಹೊರಗಿನಿಂದ ನೋಡಿ ಬರೆದ ವರದಿಯೋ? ಇಡೀ ಕಟ್ಟಡ ದುರ್ಬಲವೋ, ಒಂದು ಮೂಲೆ ಮಾತ್ರವೋ? ಸಭೆಯಲ್ಲಿ ಮೊದಲು ಕೇಳಬೇಕಾದ್ದು ಇದು.

ಇನ್ನೊಂದು ಎಚ್ಚರಿಕೆ. ಕೆಡವುವ ಮಾತು ಬಂದೊಡನೆ ‘ಹೇಗೂ ಕೆಡವುತ್ತಿದ್ದೇವೆ, ಮೇಲೆ ಎರಡು ಮಹಡಿ, ಕೆಳಗೆ ಪಾರ್ಕಿಂಗ್ ಹಾಕೋಣ’ ಎಂಬ ಆಸೆ ಹುಟ್ಟುತ್ತದೆ. ಮೇಲ್ಮಹಡಿಯ ಚಿಲ್ಲರೆ ಮಾರುಕಟ್ಟೆಗಳ ಜಾತಕ ನಮ್ಮ ಕಣ್ಣ ಮುಂದೆಯೇ ಇದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಸಂಕೀರ್ಣದಲ್ಲಿ ನೆಲದ ಮಟ್ಟದ ಹೂವಿನ ಸಂತೆಯಲ್ಲಿ ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿರುವುದಿಲ್ಲ. ಮೇಲಿನ ಮೊಗಸಾಲೆಯಲ್ಲಿ ನಿಂತಿರುವವರಲ್ಲಿ ಕೆಳಗಿನ ಹೂರಾಶಿಯ ಫೋಟೊ ತೆಗೆಯಲು ಬಂದವರು ಎದ್ದು ಕಾಣುತ್ತಾರೆ. ಚೆನ್ನೈಯ ಪಾಂಡಿ ಬಜಾರಿನ ಬೀದಿ ವ್ಯಾಪಾರಿಗಳನ್ನು 2013ರಲ್ಲಿ ಬಹುಮಹಡಿ ಸಂಕೀರ್ಣಕ್ಕೆ ಹತ್ತಿಸಿದಾಗಲೂ ಮೇಲೆ ಸಿಕ್ಕವರ ಅಳಲು ಇದೇ ಆಗಿತ್ತು. ಸೀರೆಗಾಗಿ ಜನ ಮಹಡಿ ಹತ್ತುತ್ತಾರೆ, ದಂತವೈದ್ಯರಿಗಾಗಿ ಹತ್ತುತ್ತಾರೆ. ಎರಡು ಕಟ್ಟು ಸೊಪ್ಪಿಗಾಗಿ ಯಾರೂ ಹತ್ತುವುದಿಲ್ಲ.

ಊರಾಚೆಗೆ ಸಾಗಿಸುವುದು

ಇಲ್ಲಿ ಒಂದು ಗೆರೆ ಎಳೆದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ: ಸಗಟು ಬೇರೆ, ಚಿಲ್ಲರೆ ಬೇರೆ. ಸಗಟು ಮಂಡಿ ಲಾರಿಯನ್ನು ನಂಬಿರುತ್ತದೆ, ಚಿಲ್ಲರೆ ಅಂಗಡಿ ನಡೆಯುವ ಕಾಲನ್ನು ನಂಬಿರುತ್ತದೆ. 1996ರಲ್ಲಿ ಚೆನ್ನೈಯ ಸಗಟು ತರಕಾರಿ ವ್ಯಾಪಾರವನ್ನು ಕೊತ್ವಾಲ್ ಚಾವಡಿಯ ಇಕ್ಕಟ್ಟಿನಿಂದ ಕೋಯಂಬೇಡಿಗೆ ಒಯ್ದರು. ಹಳಬರು ಗೊಣಗಿದರು, ಆದರೆ ಲಾರಿ ತಿರುಗಲು ಜಾಗ ಸಿಕ್ಕಿತು, ಕೋಯಂಬೇಡು ನಿಂತಿತು. ಬೆಂಗಳೂರಿನ ಯಶವಂತಪುರ, ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗಳೂ ಇದೇ ಲೆಕ್ಕಾಚಾರದವು. ಊರ ನಡುವೆ ಬೆಳಗಿನ ಜಾವ ಲಾರಿಯಿಂದ ಮೂಟೆ ಇಳಿಯುತ್ತಿದ್ದರೆ ಅದನ್ನು ಹೊರಗೆ ಕಳಿಸಲು ನಾನೇ ಮೊದಲು ಕೈ ಎತ್ತುತ್ತೇನೆ.

ಚಿಲ್ಲರೆಯವರನ್ನೂ ಅದೇ ಲಾರಿಗೆ ಹತ್ತಿಸಿದಾಗ ಎಡವಟ್ಟಾಗುತ್ತದೆ. ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯನ್ನು 2020ರ ಏಪ್ರಿಲ್‌ನಲ್ಲಿ, ಕೊರೊನಾ ದಿನಗಳಲ್ಲಿ, ಮುಚ್ಚಿ ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಿದರು. ಹಂಪನಕಟ್ಟೆಯಲ್ಲಿ ಬಸ್ ಇಳಿದು, ಬ್ಯಾಂಕಿನ ಕೆಲಸ ಮುಗಿಸಿ, ಹಾಗೇ ತರಕಾರಿ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದವರು ಬದನೆಕಾಯಿಗೆಂದು ಬೈಕಂಪಾಡಿಗೆ ಹೋಗುತ್ತಾರೆಯೇ? ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಮೇಲೆ ಹಳೆಯ ಕಟ್ಟಡ ಉರುಳಿತು, ಅಲ್ಲಿ ಖಾಸಗಿ ಸಹಭಾಗಿತ್ವದ ಹೊಸ ಸಂಕೀರ್ಣದ ಯೋಜನೆ ಬಂತು. ಪೇಟೆಯ ಚಿಲ್ಲರೆ ವ್ಯಾಪಾರ ಅರ್ಧಕ್ಕರ್ಧ ‘ಹೇಗೂ ಬಂದಿದ್ದೇವಲ್ಲ’ ಎನ್ನುವವರದು. ಊರಾಚೆ ‘ಹೇಗೂ’ ಯಾರೂ ಬರುವುದಿಲ್ಲ.

ಪಾದಚಾರಿ ಬೀದಿ

ಪತ್ರಿಕೆಗಳಲ್ಲಿ ಚಿತ್ರ ಚೆನ್ನಾಗಿ ಬರುವ ದಾರಿ ಇದು. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಲ್ಲುಹಾಸು ಹೊದ್ದು 2018ರಲ್ಲಿ ತೆರೆದುಕೊಂಡಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಷೇಧಿಸಿ ನೋಡಿದರು. ಚೆನ್ನೈಯ ಪಾಂಡಿ ಬಜಾರಿನ ಅಗಲ ಫುಟ್‌ಪಾತಿನ ಬೀದಿ 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ದಿಲ್ಲಿಯ ಚಾಂದನಿ ಚೌಕದಲ್ಲಿ ಕೆಂಪು ಕೋಟೆಯಿಂದ ಫತೇಪುರಿ ಮಸೀದಿಯವರೆಗಿನ 1.3 ಕಿಲೋಮೀಟರ್ ಬೀದಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ತೆರೆದು, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಬಾಗಿಲು ಹಾಕಿದರು.

ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಚರ್ಚ್ ಸ್ಟ್ರೀಟಿನಲ್ಲಿ ಮಾರುವುದು ಪುಸ್ತಕ, ಕಾಫಿ, ಊಟ, ಬಿಯರ್. ಕೊಂಡದ್ದು ಹೊಟ್ಟೆಯಲ್ಲೋ ಭುಜದ ಚೀಲದಲ್ಲೋ ಹೋಗುತ್ತದೆ. ಹತ್ತು ಹೆಜ್ಜೆ ದೂರಕ್ಕೆ ಮೆಟ್ರೊ ನಿಲ್ದಾಣವಿದೆ. ಅಡ್ಡಾಡುವುದೇ ಅಲ್ಲಿನ ಸರಕು. ಚಾಂದನಿ ಚೌಕದ ಗಲ್ಲಿಗಳಲ್ಲಿ ಇರುವುದು ಬಟ್ಟೆಯ ಥಾನು, ಮದುವೆಯ ಸರಕು, ವಿದ್ಯುತ್ ಸಾಮಾನು. ಅಲ್ಲಿ ಸರಕು ರಾತ್ರಿ ಇಳಿಯಬೇಕು, ಹಗಲು ತಲೆಹೊರೆಯಲ್ಲೋ ರಿಕ್ಷಾದಲ್ಲೋ ಸಾಗಬೇಕು. ನಿಷೇಧವಿದ್ದರೂ ದ್ವಿಚಕ್ರ ವಾಹನಗಳು ಸಂದಿಯಿಂದ ನುಸುಳುತ್ತವೆ ಎಂಬ ದೂರು ನಿಂತಿಲ್ಲ. ಕಲ್ಲು ಹಾಸುವುದು ಒಂದು ಸಲದ ಕೆಲಸ, ಕಾವಲು ದಿನಾ ಮಾಡುವ ಕೆಲಸ. ಮೊದಲನೆಯದಕ್ಕೆ ಹಣ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ.

ನಮ್ಮ ಜಿಲ್ಲಾ ಕೇಂದ್ರಗಳಿಗೆ ಹೆಚ್ಚು ಹತ್ತಿರದ ಹೋಲಿಕೆ ಬಸವನಗುಡಿಯ ಗಾಂಧಿ ಬಜಾರ್. ಹೂವು, ಹಣ್ಣು, ಗ್ರಂಧಿಗೆ, ಬೆಳ್ಳಿ, ಹೋಟೆಲು ಎಲ್ಲ ಬೆರೆತ ಬೀದಿ. ಅಲ್ಲಿ ಫುಟ್‌ಪಾತ್ ಅಗಲ ಮಾಡಿ, ರಸ್ತೆ ಬದಿಯ ಪಾರ್ಕಿಂಗ್ ತೆಗೆಯುವ ಕೆಲಸ ನಡೆದಾಗ ಅಗೆದ ಮಣ್ಣಿನ ನಡುವೆ ಹಬ್ಬಗಳು ಬಂದು ಹೋದವು, ಬೀದಿ ವ್ಯಾಪಾರಿಗಳು ಅತ್ತಿತ್ತ ಸರಿದಾಡಿದರು, ಅಂಗಡಿಯವರು ಗಿರಾಕಿ ಇಲ್ಲವೆಂದು ಧರಣಿ ಮಾಡಿದರು. ಇವತ್ತು ಆ ಬೀದಿಯಲ್ಲಿ ವಯಸ್ಸಾದವರು ಕೋಲೂರಿಕೊಂಡು ಧೈರ್ಯವಾಗಿ ನಡೆಯುವುದನ್ನು ನೋಡಿದರೆ ಕೆಲಸ ಸಾರ್ಥಕ ಎನಿಸುತ್ತದೆ. ಆದರೆ ಇದೇ ಕೆಲಸವನ್ನು ನೂರು ನೂರು ಮೀಟರಿನ ತುಂಡು ಮಾಡಿ, ಶ್ರಾವಣದಿಂದ ದೀಪಾವಳಿಯವರೆಗೆ ಗುದ್ದಲಿ ಮುಟ್ಟದೆ ಮಾಡಿದ್ದರೆ? ಹೂವಿನವರ ವರ್ಷದ ಗಳಿಕೆಯ ದೊಡ್ಡ ಪಾಲು ವರಮಹಾಲಕ್ಷ್ಮಿಯಿಂದ ಆಯುಧಪೂಜೆಯವರೆಗಿನ ದಿನಗಳದ್ದು. ಗುತ್ತಿಗೆದಾರನ ಕ್ಯಾಲೆಂಡರಿನಲ್ಲಿ ಈ ಹಬ್ಬಗಳು ಇರುವುದಿಲ್ಲ. ಬರೆಸಬೇಕು.

ಪಾದಚಾರಿ ಬೀದಿಯ ಬಗ್ಗೆ ವರ್ತಕರ ಸಂಘಗಳು ಎಲ್ಲ ಊರಲ್ಲೂ ಹೇಳುವುದು ಒಂದೇ ಮಾತು: ನಮ್ಮ ಗಿರಾಕಿಗಳೆಲ್ಲ ಕಾರಿನಲ್ಲಿ ಬರುವವರು. ಕೆನಡಾದ ಟೊರಾಂಟೊದಲ್ಲಿ, ಯುರೋಪಿನ ಊರುಗಳಲ್ಲಿ ಎಣಿಸಿ ನೋಡಿದಾಗ ಅಂಗಡಿಯವರು ಕಾರಿನವರನ್ನು ಇರುವುದಕ್ಕಿಂತ ಬಹಳ ಹೆಚ್ಚಾಗಿ ಅಂದಾಜು ಮಾಡಿದ್ದು ಗೊತ್ತಾಯಿತು. ನಮ್ಮಲ್ಲಿ ಕಾರಿಗಿಂತ ಬಸ್ಸು, ಸ್ಕೂಟರ್, ಆಟೊ ಹೆಚ್ಚು ಎಂಬುದಕ್ಕೆ ಅಧ್ಯಯನವೇನೂ ಬೇಡ, ಸಂಜೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಬಾಗಿಲ ಕಡೆ ನೋಡಿದರೆ ಸಾಕು. ಕಾರಿನ ಗಿರಾಕಿ ನೆನಪಿನಲ್ಲಿ ಉಳಿಯುತ್ತಾನೆ, ಏಕೆಂದರೆ ಅವನು ಅಂಗಡಿಯ ಮುಂದೆ ಹಾರ್ನ್ ಹಾಕುತ್ತಾನೆ.

ಮೊದಲು ಪಾರ್ಕಿಂಗ್ ಕಟ್ಟೋಣ ಎನ್ನುವವರು

ಲೆಕ್ಕ ಸರಳ. ರಸ್ತೆ ಬದಿಯಲ್ಲಿ ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಬೇಕು. ಬಹುಮಹಡಿ ಕಟ್ಟಡದಲ್ಲಾದರೆ ಓಡಾಡುವ ದಾರಿ, ಇಳಿಜಾರು ಸೇರಿ ಅದರ ಎರಡರಷ್ಟಕ್ಕಿಂತ ಹೆಚ್ಚು. ಅದೇ ರಸ್ತೆಬದಿಯ ಜಾಗದಲ್ಲಿ ಐದಾರು ಸ್ಕೂಟರ್ ನಿಲ್ಲುತ್ತವೆ, ಇಲ್ಲವೇ ಮೂರು ನಾಲ್ಕು ಹೂವಿನ ಕಟ್ಟೆ ಬರುತ್ತವೆ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ ಕಟ್ಟಿ ಮುಗಿದ ಮೇಲೂ ಬಹಳ ಕಾಲ ಬೀಗ ಹಾಕಿಕೊಂಡಿದ್ದು 2024ರಲ್ಲಿ ತೆರೆಯಿತು. ಮೈಸೂರಿನ ಪುರಭವನದ ಅಂಗಳದ ಕೆಳಗಿನ ಪಾರ್ಕಿಂಗ್ ಹತ್ತು ವರ್ಷಕ್ಕೂ ಮೇಲ್ಪಟ್ಟು ಎಳೆದಾಡಿದ ಕಾಮಗಾರಿ. ಎದುರಿನ ರಸ್ತೆಯಲ್ಲಿ ಬಿಟ್ಟಿ ಜಾಗ ಇರುವವರೆಗೆ ಹಣ ಕೊಟ್ಟು ನೆಲಮಾಳಿಗೆಗೆ ಇಳಿಯುವವರು ಕಡಿಮೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಜೀವನಪೂರ್ತಿ ಹೇಳಿದ್ದು ಇಷ್ಟನ್ನೇ: ಪ್ರತಿ ಬೀದಿಯಲ್ಲಿ ಒಂದೆರಡು ಜಾಗ ಸದಾ ಖಾಲಿ ಉಳಿಯುವಷ್ಟು ಶುಲ್ಕ ಇಡಿ, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಿ. ನಮ್ಮ ಪೇಟೆಗಳಲ್ಲಿ ಅಂಗಡಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ನಿಂತಿರುವ ವಾಹನ ಯಾರದು ಎಂದು ವಿಚಾರಿಸಿ ನೋಡಿ. ಬಹಳ ಸಲ ಅದು ಅಂಗಡಿಯ ಮಾಲೀಕರದೇ. ಪಾರ್ಕಿಂಗ್ ಬೇಡವೆನ್ನುತ್ತಿಲ್ಲ. ಶುಲ್ಕ ಮೊದಲು ಬರಲಿ, ಕಟ್ಟಡ ಆಮೇಲೆ. ಶುಲ್ಕ ಹಾಕಿದ ಮೇಲೂ ಜಾಗ ಸಾಲದಿದ್ದರೆ ಕಟ್ಟೋಣ.

ಮಾಲ್ ಮಾಡೋಣ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನವರು ಮಕ್ಕಾಜಿ ಚೌಕದ ಅರ್ಧ ಕಟ್ಟಿದ ಸಂಕೀರ್ಣವನ್ನು ವರ್ಷಗಟ್ಟಲೆ ನೋಡುತ್ತಾ ಓಡಾಡಿದವರು. ಮಾಲ್ ಎನ್ನುವುದು ಪೇಟೆಗೆ ಪೈಪೋಟಿ ಎಂಬ ಮಾತೂ ಈಗ ಹಳೆಯದಾಯಿತು. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪನ್ನು ಮನೆ ಬಾಗಿಲಿಗೆ ತರುವ ಹುಡುಗ ಇವತ್ತಿನ ಪೈಪೋಟಿ. ಅವನು ತರಲಾಗದ್ದನ್ನು ಪೇಟೆ ಮಾರಬೇಕು: ಕೈಯಲ್ಲಿ ಹಿಡಿದು ನೋಡುವ ರಸಬಾಳೆ, ಮೂಸಿ ಕೊಳ್ಳುವ ಮಲ್ಲಿಗೆ, ‘ನಾಳೆ ಹನ್ನೊಂದು ಗಂಟೆಗೆ ನಾಮಕರಣ, ಏನೇನು ಬೇಕು ನೀವೇ ಕಟ್ಟಿಕೊಡಿ’ ಎಂದು ಒಪ್ಪಿಸಿಬಿಡುವ ಗ್ರಂಧಿಗೆ ಅಂಗಡಿ. ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿ ಮೈಸೂರು ಪಾಕಿಗಾಗಿ ನಿಲ್ಲುವ ಸಾಲನ್ನು ಯಾವ ಆ್ಯಪ್ ಕರಗಿಸಿದೆ?

ಆರನೆಯ ದಾರಿ, ಏನೂ ಮಾಡದೆ ಕೂರುವುದು. ಯಾರೂ ಇದನ್ನು ಸಭೆಯಲ್ಲಿ ಪ್ರಸ್ತಾಪಿಸುವುದಿಲ್ಲ, ಆದರೆ ಹೆಚ್ಚಿನ ಊರುಗಳು ಆರಿಸಿಕೊಂಡಿರುವುದು ಇದನ್ನೇ. ಲ್ಯಾನ್ಸ್‌ಡೌನ್ ಕಟ್ಟಡದ ಕೆಳಗೆ ಸತ್ತ ನಾಲ್ವರು ಈ ದಾರಿಯ ಲೆಕ್ಕಕ್ಕೆ ಸೇರುತ್ತಾರೆ.

ನಡುವಿನ ದಿನಗಳು

ಈಗ ಮನೆಯ ಕಥೆ. ನಮ್ಮ ತಂದೆಯವರದು ಒಂದು ತಾಲ್ಲೂಕು ಕೇಂದ್ರದ ಹಳೆಯ ಮಾರುಕಟ್ಟೆಯಲ್ಲಿ ಗ್ರಂಧಿಗೆ ಅಂಗಡಿ. ಊರಿನ ಹೆಸರು ಬೇಡ. ಎಡಕ್ಕೆ ಬಳೆ ಅಂಗಡಿ, ಬಲಕ್ಕೆ ಹಿತ್ತಾಳೆ ಪಾತ್ರೆಯವರು, ಎದುರಿಗೆ ಎಲೆ ಅಡಿಕೆ. ಮದುವೆಯ ಪಟ್ಟಿ ಹಿಡಿದು ಬಂದವರು ಈ ನಾಲ್ಕು ಅಂಗಡಿ ಸುತ್ತಿದರೆ ಕೆಲಸ ಮುಗಿಯಿತು. ಪಟ್ಟಿಯ ಮೇಲ್ಭಾಗ ನಮ್ಮದು: ಅರಿಶಿನ, ಕುಂಕುಮ, ಕರ್ಪೂರ, ಉತ್ತುತ್ತೆ, ಕೊಬ್ಬರಿ ಬಟ್ಟಲು, ಬಾಸಿಂಗ. ನಮ್ಮಲ್ಲಿ ಕಟ್ಟಿಸುತ್ತಿರುವಾಗಲೇ ತಂದೆಯವರು ಕೂಗಿ ಹೇಳುತ್ತಿದ್ದರು, ‘ಇವರಿಗೆ ಹಸಿರು ಬಳೆ ಆರು ಡಜನ್ ತೆಗೆದಿಡಮ್ಮಾ’ ಎಂದು. ಬಳೆಯವರ ಕಡೆಯಿಂದಲೂ ಹಾಗೆಯೇ ಜನ ಬರುತ್ತಿದ್ದರು. ಸಂಜೆ ನಾಲ್ವರೂ ಸೇರಿ ಒಂದೇ ಕಾಫಿ ತರಿಸುತ್ತಿದ್ದರು.

ಹೊಸ ಸಂಕೀರ್ಣಕ್ಕಾಗಿ ಒಂದು ವರ್ಷದ ಮಟ್ಟಿಗೆ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್‌ಗಳಿಗೆ ಹೋಗಿ ಎಂದರು. ಶೆಡ್ ಹಂಚಿದ್ದು ಚೀಟಿ ಎತ್ತಿ. ನಮ್ಮದು ಒಂದು ತುದಿ, ಬಳೆಯವರದು ಇನ್ನೊಂದು ತುದಿ, ಪಾತ್ರೆಯವರಿಗೆ ಬಂದದ್ದು ಶೌಚಾಲಯದ ಪಕ್ಕ. ಬೇಸಿಗೆಯಲ್ಲಿ ತಗಡಿನ ಕೆಳಗೆ ಕರ್ಪೂರದ ಪೊಟ್ಟಣಗಳು ದಿನದಿನಕ್ಕೆ ಹಗುರವಾಗುತ್ತಿದ್ದವು; ತಂದೆಯವರು ಅವುಗಳನ್ನು ಡಬ್ಬಿಗೆ ತುಂಬಿ, ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಒಂದು ವರ್ಷ ಆರು ವರ್ಷವಾಯಿತು. ಸಂಕೀರ್ಣ ಮುಗಿದಾಗ ನಮ್ಮ ಸಾಲಿನ ಹನ್ನೊಂದು ಅಂಗಡಿಗಳಲ್ಲಿ ಹಿಂತಿರುಗಿದ್ದು ನಾಲ್ಕು. ಠೇವಣಿಯ ಮೊತ್ತ ಕೇಳಿ ಪಾತ್ರೆಯವರು ಬರಲಿಲ್ಲ. ಬಳೆಯವರು ಅಷ್ಟರಲ್ಲಿ ಮಗಳ ಮನೆಗೆ ಹೋಗಿಬಿಟ್ಟಿದ್ದರು. ನಮಗೆ ಸಿಕ್ಕ ಮಳಿಗೆಯಲ್ಲಿ ನೆಲವಿತ್ತು, ಶಟರ್ ಇತ್ತು, ಬಲಗಡೆ ಮೊಬೈಲ್ ರಿಪೇರಿ, ಎಡಗಡೆ ಜೆರಾಕ್ಸ್. ಮದುವೆಯ ಪಟ್ಟಿ ಹಿಡಿದವರು ಬರಲಿಲ್ಲ. ಕಟ್ಟಡ ಕೆಟ್ಟದ್ದೇನಲ್ಲ. ಇವತ್ತಿಗೂ ಗಟ್ಟಿಯಾಗಿದೆ.

ಹಾಗಾಗಿ ದಾರಿಗಳನ್ನು ಹೋಲಿಸುವಾಗ ನಾನು ಹಿಡಿಯುವ ಅಳತೆಗೋಲು ಬೇರೆ. ಭಾಗಭಾಗವಾದ ದುರಸ್ತಿಯಲ್ಲಿ ನಡುವಿನ ದಿನಗಳು ಪ್ರತಿ ಸಾಲಿಗೆ ಕೆಲವು ತಿಂಗಳು. ಪಾದಚಾರಿ ಬೀದಿಯಲ್ಲಿ, ತುಂಡು ತುಂಡಾಗಿ ಮಾಡಿದರೆ, ಅಷ್ಟೇ ಅಥವಾ ಸ್ವಲ್ಪ ಹೆಚ್ಚು. ಕೆಡವಿ ಕಟ್ಟುವುದರಲ್ಲಿ ವರ್ಷಗಳು, ನ್ಯಾಯಾಲಯ ಸೇರಿದರೆ ದಶಕ. ಚಿಲ್ಲರೆಯನ್ನು ಊರಾಚೆ ಸಾಗಿಸುವುದರಲ್ಲಿ ನಡುವಿನ ದಿನಗಳೇ ಇಲ್ಲ, ಅಲ್ಲಿ ಹೋದದ್ದು ಹೋದದ್ದೇ.

ನಿಮ್ಮ ಊರಿನ ಮಾರುಕಟ್ಟೆ ಹಳೆಯ ಸುಣ್ಣದ ಕಟ್ಟಡವಾಗಿದ್ದು ಪರೀಕ್ಷೆಯ ವರದಿ ಕೆಲವು ಭಾಗಗಳನ್ನಷ್ಟೇ ಅಪಾಯ ಎಂದರೆ ಸಾಲು ಸಾಲಾಗಿ ದುರಸ್ತಿಗೆ ಹೋಗಿ, ಸಗಟು ಮಂಡಿಯನ್ನು ಮಾತ್ರ ಹೊರಗೆ ಕಳಿಸಿ, ಬೀದಿಗೆ ಪಾರ್ಕಿಂಗ್ ಶುಲ್ಕ ಹಾಕಿ. ಮೈಸೂರಿಗೂ ನಾನು ಇದನ್ನೇ ಬಯಸಿದ್ದೆ, ಈಗಲೂ ಬಯಸುತ್ತೇನೆ. ಕಟ್ಟಡ ಇಡಿಯಾಗಿ ಸೋತಿದ್ದರೆ ಅಥವಾ ಅದು ಮೂವತ್ತು ನಲವತ್ತು ವರ್ಷದ ಕಳಪೆ ಕಾಂಕ್ರೀಟ್ ಆಗಿದ್ದರೆ ಕೆಡವಿ, ಆದರೆ ನೆಲಮಹಡಿಯ ಮಾರುಕಟ್ಟೆಯನ್ನೇ ಕಟ್ಟಿ; ಮೇಲೆ ಬೇಕಿದ್ದರೆ ಕಚೇರಿ, ಗ್ರಂಥಾಲಯ ಇರಲಿ. ಮಾರುಕಟ್ಟೆ ಕಟ್ಟಡವೇ ಇಲ್ಲದೆ ಬೀದಿಯೇ ಪೇಟೆಯಾಗಿರುವ ಊರುಗಳಲ್ಲಿ ಫುಟ್‌ಪಾತ್ ಅಗಲ ಮಾಡಿ, ವಾರಕ್ಕೊಂದು ಸಂಜೆ ವಾಹನ ನಿಲ್ಲಿಸಿ ನೋಡಿ, ಆರು ತಿಂಗಳಾದ ಮೇಲೆ ಕಲ್ಲು ಹಾಸುವ ಮಾತು. ಪುಸ್ತಕ, ಕಾಫಿಯ ಬೀದಿಯಾಗಿದ್ದರೆ ಪೂರ್ತಿ ಪಾದಚಾರಿ ಮಾಡಲು ಹೆಚ್ಚು ಯೋಚಿಸಬೇಕಿಲ್ಲ; ಅಲ್ಲಿ ಬಾಡಿಗೆ ಏರಿ ಪುಸ್ತಕದಂಗಡಿಗಳು ಹೋಟೆಲುಗಳಿಗೆ ಜಾಗ ಬಿಡದಂತೆ ನೋಡಿಕೊಳ್ಳುವುದೇ ಕಷ್ಟ, ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಯಾವುದಕ್ಕೆ ಒಪ್ಪಿದರೂ ಮೂರು ಸಂಗತಿ ಕಾಗದದ ಮೇಲೆ ಬರಬೇಕು. ತಾತ್ಕಾಲಿಕ ಜಾಗ ಹಳೆಯ ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿರಬೇಕು ಮತ್ತು ಅಲ್ಲಿ ಸಾಲು ಹಳೆಯ ಸಾಲಿನಂತೆಯೇ ಇರಬೇಕು, ಚೀಟಿ ಎತ್ತುವುದಲ್ಲ. ಹಿಂತಿರುಗುವಾಗಿನ ಬಾಡಿಗೆ ಮತ್ತು ಠೇವಣಿ ಕೆಡವುವ ಮುನ್ನವೇ ನಿಗದಿಯಾಗಬೇಕು, ಕಟ್ಟಿದ ಮೇಲೆ ಹರಾಜು ಎಂದರೆ ಒಪ್ಪಬಾರದು. ಮಳಿಗೆ ಯಾರ ಹೆಸರಿನಲ್ಲಿದೆ ಎಂಬ ಪಟ್ಟಿಯ ಜೊತೆಗೆ ಅಲ್ಲಿ ದಿನಾ ಕೂರುವವರು ಯಾರು ಎಂಬ ಪಟ್ಟಿಯೂ ಬೇಕು, ಏಕೆಂದರೆ ಒಳಬಾಡಿಗೆಯ ಸರಪಳಿಯಲ್ಲಿ ನಿಜವಾಗಿ ವ್ಯಾಪಾರ ಮಾಡುವವನ ಹೆಸರು ದಾಖಲೆಯಲ್ಲಿ ಇರುವುದೇ ಅಪರೂಪ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ಆಸರೆ ಇದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು. ನಿಮ್ಮ ಊರಿನ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ ಎಂದು ಬರವಣಿಗೆಯಲ್ಲಿ ಕೇಳಿ.

ಸಭೆಗೆ ಮುಂಚೆ ಒಂದು ಸಂಜೆ ಖರ್ಚು ಮಾಡಿ. ನೋಟ್‌ಬುಕ್ ಹಿಡಿದು ಮಾರುಕಟ್ಟೆಯ ಬಾಗಿಲಲ್ಲಿ ಐದರಿಂದ ಎಂಟರವರೆಗೆ ನಿಂತು, ಒಳಗೆ ಹೋಗುವವರು ಯಾವುದರಿಂದ ಇಳಿದು ಬಂದರು ಎಂದು ಗೀಟು ಹಾಕುತ್ತಾ ಹೋಗಿ: ಬಸ್ಸು, ಆಟೊ, ಸ್ಕೂಟರ್, ಕಾರು, ಬರೀ ಕಾಲು. ವಾರದ ನಡುವೆ ಒಂದು ದಿನ, ಭಾನುವಾರ ಒಂದು ದಿನ. ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಪರದೆಯ ಮೇಲೆ ಬಣ್ಣದ ಚಿತ್ರಗಳೆಲ್ಲ ಮುಗಿದು ‘ಪ್ರಶ್ನೆಗಳಿವೆಯೇ’ ಎಂದಾಗ ಕೈ ಎತ್ತಿ, ನೆಲಮಹಡಿಯ ನಕ್ಷೆಯನ್ನು ಮತ್ತೆ ತೋರಿಸಲು ಹೇಳಿ. ಹೂವಿನವರು ಬಿಂದಿಗೆ ತುಂಬಿಕೊಳ್ಳುವ ನಲ್ಲಿ ಎಲ್ಲಿದೆ ಎಂದು ಕೇಳಿ. ಕಟ್ಟೆ ನೆಲದಿಂದ ಎಷ್ಟು ಎತ್ತರ ಎಂದೂ ಕೇಳಿ.